ನಾಯಿಯ ಜೊತೆ ಫೆರಿಯಲ್ಲಿ ಯುರೋಪ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆಯಲ್ಲಿ ನಾವಿಬ್ಬರು, ಮಗಳು, ಮತ್ತು ಬೆಲ್ಲದ ಬಣ್ಣದ ಒಂದು ಲ್ಯಾಬ್ರಡಾರ್. ಅವನ ಹೆಸರೂ ಬೆಲ್ಲ. ಮೂರು ಬೇಸಿಗೆ ರಜೆಗಳಲ್ಲಿ ಅವನನ್ನು ಹಡಗು ಹತ್ತಿಸಿಕೊಂಡು ಕಡಲು ದಾಟಿದ್ದೇವೆ: 2023ರಲ್ಲಿ ಡೋವರ್‌ನಿಂದ ಕ್ಯಾಲೇಗೆ, 2024ರಲ್ಲಿ ಪೋರ್ಟ್ಸ್‌ಮತ್‌ನಿಂದ ನಾರ್ಮಂಡಿಯ ಕಾನ್‌ಗೆ, 2025ರಲ್ಲಿ ಹಾರ್ವಿಚ್‌ನಿಂದ ಹಾಲೆಂಡಿಗೆ. ಯುಗಾದಿಗೋ ದೀಪಾವಳಿಗೋ ಇಲ್ಲಿನ ಕನ್ನಡದವರು ಸೇರಿದಾಗ ನಾಯಿ ಸಾಕಿದವರು ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಲ್ಲಿ ಹೇಳಿರುವ ನಿಯಮಗಳು 2025ರ ಬೇಸಿಗೆಯಲ್ಲಿ ನಾವು ಹೋಗಿಬಂದಾಗ ಜಾರಿಯಲ್ಲಿದ್ದವು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ತೆಗೆಯುವ ಮುನ್ನ ಬ್ರಿಟಿಷ್ ಸರ್ಕಾರದ ಜಾಲತಾಣವನ್ನೂ ನಿಮ್ಮ ಫೆರಿ ಕಂಪನಿಯ ಪುಟವನ್ನೂ ಒಮ್ಮೆ ಓದಿಕೊಳ್ಳಿ.

ವಿಮಾನ ಬಿಟ್ಟು ಫೆರಿಯೇ ಯಾಕೆ?

ತೊಂದರೆ ಇರುವುದು ವಾಪಸ್ ಬರುವಾಗ. ಬ್ರಿಟನ್ನಿಗೆ ಬರುವ ವಿಮಾನದಲ್ಲಿ ಸಾಕುನಾಯಿ ನಿಮ್ಮ ಕಾಲ ಬುಡದಲ್ಲಿ ಕುಳಿತು ಬರುವ ಹಾಗಿಲ್ಲ, ಕಾರ್ಗೊ ಆಗಿಯೇ ಬರಬೇಕು. ಅದಕ್ಕೆ ಖರ್ಚೂ ಹೆಚ್ಚು, ನಾಯಿಗೆ ಹಿಂಸೆಯೂ ಹೆಚ್ಚು. ಯೂರೋಸ್ಟಾರ್ ರೈಲಿನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರಿಸುವಂಥ ನೆರವಿನ ನಾಯಿಗಳಿಗೆ ಮಾತ್ರ ಜಾಗ. ಇನ್ನು ಉಳಿಯುವುದು ಎರಡೇ ದಾರಿ. ಒಂದು ಫೆರಿ. ಇನ್ನೊಂದು, ಫೋಕ್‌ಸ್ಟನ್‌ನಲ್ಲಿ ಕಾರನ್ನೇ ರೈಲಿನ ಮೇಲೆ ಹತ್ತಿಸಿ ಕಡಲಡಿಯ ಸುರಂಗದಲ್ಲಿ ಹಾಯುವ ಲೆ ಶಟಲ್. ಸುರಂಗದಲ್ಲಿ 35 ನಿಮಿಷ, ನಾಯಿ ನಿಮ್ಮ ಜೊತೆ ಕಾರಿನಲ್ಲೇ ಇರುತ್ತದೆ. ಪಟಾಕಿಗೆ, ಗುಡುಗಿಗೆ ನಡುಗುವ ನಾಯಿ ನಿಮ್ಮದಾದರೆ ಫೆರಿಯ ಯೋಚನೆ ಬಿಟ್ಟು ಸುರಂಗದಲ್ಲೇ ಹೋಗಿ.

ಏನೇನು ತಯಾರಿ ಬೇಕು?

ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ, ಗುರುತಿನ ನಂಬರ್ ಇರುವ ಪುಟ್ಟ ಚಿಪ್), ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಬಾರದು. ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆ ಪ್ರಯಾಣದ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಹಾಕಿಸಬೇಕಾಗುತ್ತದೆ. ಲಸಿಕೆ ಹಾಕಿಸಲು ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಮೊದಲ ಲಸಿಕೆಯಾದ ಮೇಲೆ 21 ದಿನ ಕಾಯಬೇಕು. ಬೂಸ್ಟರ್ ಅನ್ನು ಅವಧಿಯೊಳಗೇ ಹಾಕಿಸುತ್ತ ಬಂದಿದ್ದರೆ ಕಾಯುವ ಕೆಲಸವಿಲ್ಲ. ಒಂದೇ ಒಂದು ದಿನ ತಪ್ಪಿದರೂ ಹೊಸ ಲಸಿಕೆಯೆಂದೇ ಲೆಕ್ಕ, ಮತ್ತೆ 21 ದಿನ.

ಇವೆರಡೂ ಆದ ಮೇಲೆ, ಸರ್ಕಾರದ ಮಾನ್ಯತೆ ಇರುವ ಪಶುವೈದ್ಯರ, ಅಂದರೆ ವೆಟ್‌ ಹತ್ತಿರ ಅನಿಮಲ್ ಹೆಲ್ತ್ ಸರ್ಟಿಫಿಕೇಟ್ ಬರೆಸಬೇಕು. ವಾಪಸ್ ಬರುವಾಗ ಲಾಡಿಹುಳುವಿನ ಮಾತ್ರೆ ಕೊಡಿಸಬೇಕು. ಇದರ ಬಗ್ಗೆ ಹೇಳುವುದು ಬಹಳ ಇದೆ, ಮುಂದೆ ಬರುತ್ತದೆ.

ಇಷ್ಟೊಂದು ಕಟ್ಟಳೆ ಯಾಕೆ ಎಂದು ಮಗಳು ಕೇಳಿದ್ದಳು. ಊರ ಕಡೆ ಬೆಳೆದ ನಮಗೆ ಹುಚ್ಚುನಾಯಿ ಕಡಿತ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತಿಗೇ ಹೆದರಿ, ಬೀದಿ ನಾಯಿ ಕಂಡರೆ ಇನ್ನೊಂದು ಬದಿಗೆ ದಾಟಿ ಶಾಲೆಗೆ ಹೋದವರು ನಾವು. ಬ್ರಿಟನ್ನಿನ ನಾಯಿಗಳಲ್ಲಿ ಆ ರೋಗ ಇಲ್ಲ. ಅದನ್ನು ಹೊರಗೇ ಇಡುವುದಕ್ಕೆಂದು, ಹೊರಗಿನಿಂದ ಬಂದ ನಾಯಿಯನ್ನು ಹಿಂದೆ ಆರು ತಿಂಗಳು ಕ್ವಾರಂಟೀನ್‌ನಲ್ಲಿ ಇಡುತ್ತಿದ್ದರು. 2000ದ ಫೆಬ್ರವರಿ 28ರಂದು ಪೆಟ್ ಟ್ರಾವೆಲ್ ಸ್ಕೀಮ್ ಶುರುವಾದ ಮೇಲೆಯೇ ಚಿಪ್ಪು, ಲಸಿಕೆ, ಕಾಗದ ಸರಿಯಿದ್ದ ನಾಯಿ ಒಡೆಯರ ಜೊತೆ ನೇರ ಮನೆಗೆ ಬರುವಂತಾದದ್ದು. ಆರು ತಿಂಗಳು ಬೆಲ್ಲನನ್ನು ಗೂಡಿನಲ್ಲಿ ಬಿಟ್ಟಿರುವುದನ್ನು ನೆನೆಸಿಕೊಂಡರೆ ಈ ಕಾಗದಪತ್ರದ ಓಡಾಟ ನನಗೆ ಭಾರವೆನಿಸುವುದಿಲ್ಲ.

ನಮ್ಮ ಹತ್ತಿರ ಹಳೆಯ ಪೆಟ್ ಪಾಸ್‌ಪೋರ್ಟ್ ಇದೆ. ಅದು ನಡೆಯುವುದಿಲ್ಲವೇ?

ಬ್ರಿಟನ್ನಿನಲ್ಲಿ ಕೊಟ್ಟ ನೀಲಿ ಪುಸ್ತಕವಾದರೆ ನಡೆಯುವುದಿಲ್ಲ. ಬ್ರೆಕ್ಸಿಟ್ ಆಗಿ, 2021ರ ಜನವರಿ 1ರಿಂದ ಅದು ರದ್ದಾಯಿತು. ಲಸಿಕೆಯ ದಾಖಲೆಯಾಗಿ ವೆಟ್‌ಗೆ ತೋರಿಸಲು ಬೇಕಾದರೆ ಇಟ್ಟುಕೊಳ್ಳಿ. ಪೆಟ್ ಪಾಸ್‌ಪೋರ್ಟ್ ಮತ್ತೆ ತರುವ ಮಾತು 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ ಆಗಿದೆ. ಆದರೆ ಮಾತಾಗಿದೆ ಎಂದು ನಂಬಿ ಬಂದರಿಗೆ ಹೋಗಬೇಡಿ, ಜಾರಿಗೆ ಬಂದದ್ದನ್ನು ಖಚಿತ ಮಾಡಿಕೊಂಡೇ ಹೋಗಿ.

ಎಷ್ಟು ದಿನ ಮೊದಲು ಶುರು ಮಾಡಬೇಕು?

ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಆಗಸ್ಟ್ 1ಕ್ಕೆ ಹಡಗು ಎಂದುಕೊಳ್ಳೋಣ. ಹೆಲ್ತ್ ಸರ್ಟಿಫಿಕೇಟ್ ಬರೆಸಿದ ಹತ್ತು ದಿನದೊಳಗೆ ನಾಯಿ ಯುರೋಪಿಯನ್ ಒಕ್ಕೂಟದ ನೆಲ ಮುಟ್ಟಬೇಕು. ಹಾಗಾಗಿ ಜುಲೈ 25ರ ಆಚೀಚೆ ವೆಟ್ ಅಪಾಯಿಂಟ್‌ಮೆಂಟ್ ಇರಲಿ. ಅದು ಬೇಕಾದರೆ ಮೇ ತಿಂಗಳಲ್ಲೇ ಹೇಳಿಡಬೇಕು, ಏಕೆಂದರೆ ಎಲ್ಲ ವೆಟ್‌ಗಳಿಗೂ ಈ ಸರ್ಟಿಫಿಕೇಟ್ ಬರೆಯುವ ಅಧಿಕಾರವಿಲ್ಲ, ಇರುವವರಿಗೆ ಶಾಲಾ ರಜೆಯಲ್ಲಿ ಪುರುಸೊತ್ತಿಲ್ಲ. ಮೊದಲ ರೇಬಿಸ್ ಲಸಿಕೆಯಾದರೆ ಜೂನ್ ಮುಗಿಯುವುದರೊಳಗೆ ಹಾಕಿಸಿ.

ಇನ್ನು ನಮ್ಮಂಥವರಿಗೆ ಮಾತ್ರ ಇರುವ ಒಂದು ಕೊಂಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹೆಚ್ಚಿನ ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ರಜೆಯ ಕಾಲಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲೇ ಆ ಕೆಲಸ ಹಿಡಿಯಿರಿ. ವೀಸಾ ಕೈಗೆ ಬರುವ ಮೊದಲು ನಾಯಿಯ ಸರ್ಟಿಫಿಕೇಟ್ ಬರೆಸಬೇಡಿ. ನಮ್ಮ ಪರಿಚಯದ ಒಂದು ಮನೆಯವರು ಬರೆಸಿದರು. ವೀಸಾ ಹನ್ನೆರಡನೆಯ ದಿನ ಬಂತು. ಸರ್ಟಿಫಿಕೇಟಿನ ದುಡ್ಡು ಪೂರ್ತಿ ಹೋಯಿತು.

ಗಂಡನಿಗೆ ವೀಸಾ ಬಂದು ಹೆಂಡತಿಗೆ ಬರದಿದ್ದರೆ ನಾಯಿ ಯಾರ ಹೆಸರಿನಲ್ಲಿ ಹೋಗಬೇಕು?

ಒಡೆಯರ ಬದಲು ಬೇರೆಯವರು ಕರೆದೊಯ್ಯಬಹುದು. ಅದಕ್ಕೆ ಒಡೆಯರ ಬರಹದ ಒಪ್ಪಿಗೆ ಬೇಕು, ಸರ್ಟಿಫಿಕೇಟಿನಲ್ಲಿ ಕರೆದೊಯ್ಯುವವರ ಹೆಸರೂ ಇರಬೇಕು. ಒಡೆಯರು ನಾಯಿಗಿಂತ ಐದು ದಿನದೊಳಗೆ ಹಿಂದೆ ಮುಂದೆ ಪ್ರಯಾಣ ಮಾಡುವಂತಿರಬೇಕು. ಚಿಪ್ಪಿನ ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ವೆಟ್‌ಗೆ ಮೊದಲೇ ತಿಳಿಸಿ.

ಸರ್ಟಿಫಿಕೇಟಿಗೆ ಎಷ್ಟು ಖರ್ಚು? ಎಷ್ಟು ದಿನ ನಡೆಯುತ್ತದೆ?

ದರ ಸರ್ಕಾರ ಗೊತ್ತು ಮಾಡಿದ್ದಲ್ಲ, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬಹಳ ವ್ಯತ್ಯಾಸ ಇದೆ. ನಾವು ಮೊದಲ ಸಲ ಕೊಟ್ಟದ್ದು 190 ಪೌಂಡ್, ಮೂರನೆಯ ಸಲ ಬೇರೆ ಊರಿಗೆ ಹೋಗಿ 120. ನಾಲ್ಕು ಕಡೆ ಫೋನ್ ಮಾಡಿ ಕೇಳಿ. ಒಮ್ಮೆ ಒಳಗೆ ಹೋದ ಮೇಲೆ ನಾಲ್ಕು ತಿಂಗಳು ಯುರೋಪಿನೊಳಗೆ ಓಡಾಡಲು, ವಾಪಸ್ ಬರಲು ಅದೇ ಸಾಕು. ಆದರೆ ಬ್ರಿಟನ್ನಿನಿಂದ ಹೊರಡುವ ಪ್ರತಿ ಪ್ರವಾಸಕ್ಕೂ ಹೊಸದು ಬೇಕು. ಹಾಗಾಗಿ ಎರಡು ಸಣ್ಣ ಪ್ರವಾಸಕ್ಕಿಂತ ಒಂದು ದೊಡ್ಡ ಪ್ರವಾಸವೇ ಲಾಭ.

ಇಂಗ್ಲಿಷ್ ಜೊತೆಗೆ, ಮೊದಲು ಕಾಲಿಡುವ ದೇಶದ ಭಾಷೆಯಲ್ಲೂ ಸರ್ಟಿಫಿಕೇಟ್ ಇರಬೇಕು. ಸಾಂಟಾಂಡರ್‌ಗೆ ಹೋಗುವವರಿಗೆ ಸ್ಪ್ಯಾನಿಷ್, ಕ್ಯಾಲೇಗೆ ಹೋಗುವವರಿಗೆ ಫ್ರೆಂಚ್. ಜರ್ಮನಿಗೆ ಹೋಗುವವರೂ ಹಾಲೆಂಡಿನಲ್ಲಿ ಇಳಿಯುವುದಾದರೆ ಡಚ್ಚೇ ಬೇಕು. ಕ್ಲಿನಿಕ್‌ನಲ್ಲೇ ಕುಳಿತು 15 ಅಂಕಿಯ ಚಿಪ್ ನಂಬರನ್ನು ಒಂದೊಂದಾಗಿ ಓದಿ ತಾಳೆ ನೋಡಿ.

ಯಾವ ದಾರಿ ಒಳ್ಳೆಯದು?

ಎಲ್ಲರೂ ಮೊದಲು ನೋಡುವುದು ಟಿಕೆಟ್ ದರ. ನಾನು ಹೇಳುವುದು, ನಿಮ್ಮ ನಾಯಿಯ ವಯಸ್ಸು, ಅದು ಎಷ್ಟು ಹೊತ್ತು ಒಂದಕ್ಕೆ ತಡೆದುಕೊಳ್ಳುತ್ತದೆ, ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ದರ ನೋಡಿ.

ಡೋವರ್‌ನಿಂದ ಕ್ಯಾಲೇಗೆ ಸುಮಾರು ಒಂದೂವರೆ ಗಂಟೆ, ಡಂಕರ್ಕ್‌ಗೆ ಎರಡು ಗಂಟೆ. ದರ ಕಡಿಮೆ, ಹಡಗುಗಳು ಹೆಚ್ಚು. ನಾಯಿ ಹೆಚ್ಚಾಗಿ ಕಾರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಎರಡು ಗಂಟೆ ಒಂಟಿಯಾಗಿ ನಿದ್ದೆ ಮಾಡುವ ನಾಯಿಗೆ ಇದು ಸರಿ. ನ್ಯೂಹೇವನ್‌ನಿಂದ ಡಿಯೆಪ್‌ಗೆ ನಾಲ್ಕು ಗಂಟೆ. ಪೋರ್ಟ್ಸ್‌ಮತ್‌ನಿಂದ ಕಾನ್‌ಗೆ ಹಗಲಿನಲ್ಲಿ ಆರು ಗಂಟೆಯ ಆಸುಪಾಸು. ಇದು ಸಿನಿಮಾ ಉತ್ಸವ ನಡೆಯುವ ಕಾನ್ ಅಲ್ಲ, ನಾರ್ಮಂಡಿಯ ಕಾನ್. ಹಡಗು ನಿಲ್ಲುವುದು ಪಕ್ಕದ ವಿಸ್ಟ್ರೆಹಾಮ್ ಎಂಬ ಊರಿನಲ್ಲಿ.

ರಾತ್ರಿಯ ಹಡಗುಗಳಲ್ಲಿ ನಾಯಿ ಜೊತೆಯಲ್ಲೇ ಮಲಗುವ ಕ್ಯಾಬಿನ್ ಸಿಗುತ್ತದೆ. ಹಾರ್ವಿಚ್‌ನಿಂದ ಹೂಕ್ ಆಫ್ ಹಾಲೆಂಡ್‌ಗೆ, ಹಲ್‌ನಿಂದ ರಾಟರ್‌ಡ್ಯಾಮ್‌ಗೆ, ನ್ಯೂಕ್ಯಾಸಲ್‌ನಿಂದ ಆಮ್‌ಸ್ಟರ್‌ಡ್ಯಾಮ್ ಬಳಿಯ ಬಂದರಿಗೆ, ಪೋರ್ಟ್ಸ್‌ಮತ್ ಮತ್ತು ಪ್ಲಿಮತ್‌ನಿಂದ ಸ್ಪೇನಿಗೆ ಇಂಥ ಹಡಗುಗಳಿವೆ. ಈ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟು ಮಾತ್ರ, ಆಗಸ್ಟ್ ತಿಂಗಳಿನವು ಚಳಿಗಾಲದಲ್ಲೇ ಖಾಲಿಯಾಗುತ್ತವೆ. ಅಂಥ ಕ್ಯಾಬಿನ್ ಸಿಕ್ಕ ದಿನಕ್ಕೆ ರಜೆ ಹೊಂದಿಸಿಕೊಳ್ಳುವುದು ಜಾಣತನ. ಸಿಗದಿದ್ದರೆ ಕೆನಲ್ ಎಂಬ ಗೂಡು ಕೊಡುತ್ತಾರೆ. ಒಂದು ದೊಡ್ಡ ನಾಯಿ ನಿಂತು ತಿರುಗುವಷ್ಟು ಜಾಗ, ಅಕ್ಕಪಕ್ಕದಲ್ಲಿ ಬೊಗಳುವ ಬೇರೆ ನಾಯಿಗಳು. ಕೆಲವು ನಾಯಿಗಳು ಹೊಂದಿಕೊಳ್ಳುತ್ತವೆ. ಬೆಲ್ಲನನ್ನು ನಾನು ಹಾಕಲಾರೆ.

ಸ್ಪೇನಿಗೆ ನೇರ ಹೋಗುವ ಹಡಗು ದಾರಿಯನ್ನು ಅವಲಂಬಿಸಿ 20ರಿಂದ 30 ಗಂಟೆಗೂ ಮೇಲೆ ಹಿಡಿಯುತ್ತದೆ, ಬಿಸ್ಕೇ ಕೊಲ್ಲಿಯಲ್ಲಿ ಅಲೆ ಜೋರು. ಮೊದಲ ಪ್ರಯಾಣಕ್ಕೆ ಅದು ಬೇಡ.

ಕಾರ್ ಡೆಕ್ಕಿನಲ್ಲಿ ನಾಯಿ ಒಂದೇ ಇರಬೇಕೇ? ನಡುವೆ ಹೋಗಿ ನೋಡಿ ಬರಬಹುದೇ?

ನನ್ನನ್ನು ಅತಿ ಹೆಚ್ಚು ಜನ ಕೇಳುವುದು ಇದನ್ನೇ, ನನಗೂ ಅತಿ ಹೆಚ್ಚು ಚಿಂತೆ ಹತ್ತಿದ್ದು ಇದಕ್ಕೇ. ಹಡಗು ಹೊರಟ ಮೇಲೆ ಕಾರ್ ಡೆಕ್ಕಿನ ಬಾಗಿಲು ಹಾಕುತ್ತಾರೆ. ಸುಮ್ಮನೆ ಇಳಿದು ಹೋಗುವ ಹಾಗಿಲ್ಲ. ಹತ್ತುವಾಗಲೇ ಕಾರಿನಲ್ಲಿ ನಾಯಿ ಇದೆ ಎಂದು ಸಿಬ್ಬಂದಿಗೆ ಹೇಳಿಡಿ. ನಡುವೆ ನೋಡಲೇಬೇಕು ಎನಿಸಿದರೆ ಮಾಹಿತಿ ಕೌಂಟರ್‌ನಲ್ಲಿ ಕೇಳಿ, ಸಾಧ್ಯವಾದಾಗ ಸಿಬ್ಬಂದಿಯವರೇ ಜೊತೆಯಲ್ಲಿ ಬಂದು ತೋರಿಸುತ್ತಾರೆ. ಕೆಲವು ಹಡಗುಗಳಲ್ಲಿ ನಾಯಿ ಇರುವವರಿಗೆಂದೇ ಲೌಂಜ್ ಮಾಡಿದ್ದಾರೆ. ಮೊದಲೇ ಕಾಯ್ದಿರಿಸಬೇಕು, ಬೇರೆ ದುಡ್ಡು. ಸಿಕ್ಕರೆ ಬಿಡಬೇಡಿ.

2023ರಲ್ಲಿ ನಮಗೆ ಅದು ಸಿಗಲಿಲ್ಲ. ಹಿಂದಿನ ಸೀಟು ಮಡಿಸಿ, ಅಮ್ಮ ಊರಿಂದ ಬಂದಾಗ ಬಿಟ್ಟುಹೋಗಿದ್ದ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆವು. ಚೆಲ್ಲದಂಥ ಬಟ್ಟಲಲ್ಲಿ ನೀರು, ನಾಲ್ಕೂ ಕಿಟಕಿ ಮೂರು ಬೆರಳು ಇಳಿಸಿದ್ದೆವು. ಡೆಕ್ಕಿನಲ್ಲಿ ಡೀಸೆಲ್ ವಾಸನೆ, ಲಾರಿಗಳಿಗೆ ಸರಪಳಿ ಬಿಗಿಯುವ ಶಬ್ದ. ಮಗಳು ಕಿಟಕಿಯ ಸಂದಿಯಲ್ಲಿ ಬೆರಳು ತೂರಿಸಿ, "ಬೆಲ್ಲಾ, ಈಗ ಬಂದ್ಬಿಡ್ತೀವಿ ಕಣೋ" ಎಂದಳು. ಮೇಲೆ ಹೋದ ಮೇಲೆ ನಮ್ಮಲ್ಲಿ ಯಾರಿಗೂ ಕಾಫಿ ಸೇರಲಿಲ್ಲ. ಒಂದೂವರೆ ಗಂಟೆ ಕಳೆದು ಇಳಿದು ನೋಡಿದರೆ ಹಿಂದಿನ ಗಾಜು ಪೂರ್ತಿ ಅವನ ಉಸಿರಿಗೆ ಮಂಜಾಗಿತ್ತು. ಮುಂದಿನ ಸೀಟಿನಲ್ಲಿದ್ದ ಮಗಳ ಸ್ವೆಟರನ್ನು ಹೇಗೋ ಎಳೆದುಕೊಂಡು, ಸೀರೆಯ ಮೇಲೆ ಅದನ್ನು ಇಟ್ಟುಕೊಂಡು, ಅದರಲ್ಲಿ ಮೂತಿ ಹುದುಗಿಸಿ ಮಲಗಿದ್ದ. ಆಗಿನಿಂದ ಮೂವರ ಒಂದೊಂದು ಒಗೆಯದ ಬಟ್ಟೆಯನ್ನು ಅವನ ಹತ್ತಿರ ಬಿಟ್ಟೇ ಹೋಗುತ್ತೇವೆ.

ಕಾರಿನ ಅಲಾರಂ ಆಫ್ ಮಾಡಿ ಹೋಗುವುದನ್ನು ಮಾತ್ರ ಮರೆಯಬೇಡಿ. ಒಳಗೆ ನಾಯಿ ಅಲುಗಾಡಿದರೆ ಅದು ಹೊಡೆದುಕೊಳ್ಳುತ್ತದೆ. ನಿಮ್ಮ ನಾಯಿಯೊಂದೇ ಅಲ್ಲ, ಡೆಕ್ಕಿನಲ್ಲಿರುವ ಎಲ್ಲ ನಾಯಿಗಳೂ ದಾರಿಯುದ್ದ ಆ ಶಬ್ದವನ್ನು ಕೇಳಿಕೊಂಡು ಬರಬೇಕಾಗುತ್ತದೆ. ಮೂವತ್ತು ಡಿಗ್ರಿ ದಾಟುವ ದಿನವಾದರೆ ನಸುಕಿನ ಹಡಗೋ ರಾತ್ರಿಯ ಹಡಗೋ ಹಿಡಿಯಿರಿ. ಹಡಗಿನಲ್ಲಿ ಇರುವ ಹೊತ್ತಿಗಿಂತ, ಬಂದರಿನ ಟಾರ್ ನೆಲದ ಮೇಲೆ ಸಾಲಿನಲ್ಲಿ ಕಾಯುವ ಹೊತ್ತಿನಲ್ಲೇ ಕಾರು ಹೆಚ್ಚು ಕಾಯುತ್ತದೆ.

ಕ್ಯಾಬಿನ್ನಿನಲ್ಲಿ ಹೇಗಿರುತ್ತದೆ?

ಹಾರ್ವಿಚ್‌ನ ಹಡಗಿನಲ್ಲಿ ಬೆಲ್ಲ ಮೊದಲ ಎರಡು ಗಂಟೆ ಮಲಗಲೇ ಇಲ್ಲ. ಎಂಜಿನ್ನಿನ ಅದುರು ನೆಲದಿಂದ ಅವನ ಅಂಗಾಲಿಗೆ ತಾಗುತ್ತಿತ್ತು. ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಅದೇ ಸೀರೆಯನ್ನು ದಪ್ಪ ಮಡಿಕೆ ಮಾಡಿ ಹಾಸಿದ ಮೇಲೆ ಅದರ ಮೇಲೆ ಸುತ್ತಿಕೊಂಡು ನನ್ನ ಪಾದದ ಮೇಲೆ ತಲೆಯಿಟ್ಟ. ಊಟದ ಹಾಲ್‌ಗೆ, ಅಂಗಡಿಗೆ ನಾಯಿಯನ್ನು ಬಿಡುವುದಿಲ್ಲ, ಹಾಗಾಗಿ ಮನೆಯವರು ಸರದಿಯಲ್ಲಿ ಊಟಕ್ಕೆ ಹೋಗಬೇಕು. ಕ್ಯಾಬಿನ್ನಿನಿಂದ ಹೊರಗೆ ಬಂದಾಗ ಬಾಯಿಗೆ ಕುಕ್ಕೆ ಹಾಕಲೇಬೇಕು ಎನ್ನುವ ಕಂಪನಿಗಳೂ ಇವೆ. ಎಷ್ಟೇ ಸಾಧು ನಾಯಿಯಾದರೂ ಸರಿ. ಅದಕ್ಕೆ ಒಂದು ತಿಂಗಳು ಮೊದಲಿನಿಂದ ದಿನಕ್ಕೆ ಐದು ನಿಮಿಷ ಕುಕ್ಕೆ ಹಾಕಿ, ತಿನ್ನಲು ಏನಾದರೂ ಕೊಟ್ಟು ಅಭ್ಯಾಸ ಮಾಡಿಸಿ.

ಒಂದಕ್ಕೆ, ಎರಡಕ್ಕೆ ಏನು ಮಾಡುವುದು?

ದೊಡ್ಡ ಹಡಗುಗಳಲ್ಲಿ ನಾಯಿಗಳಿಗೆಂದು ಬಯಲು ಡೆಕ್ಕಿನ ಒಂದು ಭಾಗ ಬಿಟ್ಟಿರುತ್ತಾರೆ. ಹುಲ್ಲಿಗೆ ಹೋಗಿ ರೂಢಿಯಾದ ನಾಯಿ ಅಲ್ಲಿ ಸುಲಭಕ್ಕೆ ಹೋಗುವುದಿಲ್ಲ. ಬೆಲ್ಲ ಬೆಳಗಿನ ತನಕ ತಡೆದುಕೊಂಡು, ಹೂಕ್ ಬಂದರಿನಾಚೆ ಸಿಕ್ಕ ಮೊದಲ ಹುಲ್ಲಿನ ಮೇಲೆ ಒಂದು ನಿಮಿಷ ಕದಲದೆ ನಿಂತ. ವಾಪಸ್ ಬರುವಾಗ ಅವನದೇ ಮೂತ್ರ ತಾಗಿದ ಹಳೆ ಬಟ್ಟೆಯ ತುಂಡನ್ನು ಡೆಕ್ಕಿನ ಮೂಲೆಯಲ್ಲಿ ಹಾಕಿದೆವು. ಮೂಸಿ ನೋಡಿ ಕಾಲೆತ್ತಿದ. ಹತ್ತುವ ಮೊದಲು ಒಂದು ಗಂಟೆಯ ನಡಿಗೆ ಕಡ್ಡಾಯವಾಗಿ ಇರಲಿ.

ಅಲೆಗೆ ವಾಂತಿ ಮಾಡಿದರೆ? ನಿದ್ದೆ ಬರುವ ಮಾತ್ರೆ ಕೊಡಬಹುದೇ?

ಕಾರಿನಲ್ಲಿ ವಾಂತಿ ಮಾಡುವ ನಾಯಿ ಹಡಗಿನಲ್ಲೂ ಮಾಡುವ ಸಂಭವ ಹೆಚ್ಚು. ಹೊರಡುವ ಮೂರು ನಾಲ್ಕು ಗಂಟೆ ಮೊದಲಿನಿಂದ ಊಟ ಬೇಡ, ನೀರು ಮಾತ್ರ. ಮ್ಯಾರೋಪಿಟೆಂಟ್ ಎಂಬ ವಾಂತಿ ತಡೆಯುವ ಮಾತ್ರೆಯನ್ನು ವೆಟ್ ಬರೆದುಕೊಡುತ್ತಾರೆ, ಅದರಿಂದ ಮಂಪರು ಬರುವುದಿಲ್ಲ. ಮಂಪರು ಬರಿಸುವ ಮಾತ್ರೆ ಬೇರೆ, ಅದನ್ನು ನಿಮ್ಮಷ್ಟಕ್ಕೆ ಕೊಡಬೇಡಿ. ಮಂಪರಿನಲ್ಲಿರುವ ನಾಯಿ ಸೆಕೆಯಾದಾಗ ಸರಿಯಾಗಿ ತೇಕಲಾರದು, ಓಲಾಡುವ ಹಡಗಿನಲ್ಲಿ ಕಾಲೂರಿ ನಿಲ್ಲಲಾರದು. ನೋಡಿಕೊಳ್ಳಲು ಹತ್ತಿರ ನೀವೂ ಇರುವುದಿಲ್ಲ.

ಕಾರಿಲ್ಲದೆ ನಡೆದು ಹತ್ತಬಹುದೇ?

ಹೆಚ್ಚಿನ ದಾರಿಗಳಲ್ಲಿ ಆಗುವುದಿಲ್ಲ. ಹಾರ್ವಿಚ್–ಹೂಕ್ ಹಡಗು ನಾಯಿ ಹಿಡಿದುಕೊಂಡು ನಡೆದು ಬರುವವರನ್ನೂ ಹತ್ತಿಸಿಕೊಳ್ಳುತ್ತದೆ. ಹೂಕ್‌ನಿಂದ ರಾಟರ್‌ಡ್ಯಾಮ್‌ಗೆ ಮೆಟ್ರೋ ಕೂಡ ಇದೆ.

ನಮ್ಮ ನಾಯಿಗೆ ಮೊಸರನ್ನವೇ ಬೇಕು. ಕಟ್ಟಿಕೊಂಡು ಹೋಗಬಹುದೇ?

ಆಗುವುದಿಲ್ಲ. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ಮೊಸರು, ಬೆಣ್ಣೆ, ತುಪ್ಪ, ಪನೀರ್ ಎಲ್ಲವೂ ಇದರಲ್ಲಿ ಬಂತು, ಮಾಂಸ ಹಾಕಿದ ನಾಯಿ ಆಹಾರದ ಚೀಲವೂ ಬಂತು. ಕಾಯಿಲೆಯ ಕಾರಣಕ್ಕೆ ವೆಟ್ ಹೇಳಿದ ವಿಶೇಷ ಆಹಾರವಾದರೆ ಮಾತ್ರ ಎರಡು ಕೆಜಿವರೆಗೆ ಬಿಡುತ್ತಾರೆ. ಅಕ್ಕಿ ಒಯ್ದು ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೊಸರು ಕೊಳ್ಳಿ, ನಾವು ಮಾಡುವುದು ಹಾಗೆ. ಒಗ್ಗರಣೆ ಬೇಡ, ಈರುಳ್ಳಿ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ದಾರಿಗೆ ಕಟ್ಟಿಕೊಂಡ ಚಿತ್ರಾನ್ನದ ಡಬ್ಬಿ ಅದಕ್ಕೆ ಎಟುಕದಂತೆ ಇರಲಿ.

ವಾಪಸ್ ಬರುವಾಗಲೂ ತಡೆ ಇದೆ. ಜರ್ಮನಿ, ಹಂಗೇರಿ, ಸ್ಲೊವಾಕಿಯಾದಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡದ್ದರಿಂದ 2025ರ ಏಪ್ರಿಲ್ 12ರಿಂದ ಯುರೋಪಿನ ಮಾಂಸ, ಹಾಲು, ಚೀಸ್ ತರುವುದನ್ನು ಬ್ರಿಟನ್ ನಿಲ್ಲಿಸಿತು. ದನ ಕಟ್ಟಿದ ಮನೆಯಿಂದ ಬಂದವರಿಗೆ ಆ ಜ್ವರ ಕೊಟ್ಟಿಗೆಯನ್ನು ಏನು ಮಾಡುತ್ತದೆಂದು ಗೊತ್ತು. ಒಂದು ತುಂಡು ಚೀಸ್ ತಾನೇ ಎಂದು ಬಚ್ಚಿಟ್ಟುಕೊಂಡು ತರಬೇಡಿ.

ಲಾಡಿಹುಳುವಿನ ಮಾತ್ರೆಯನ್ನು ಯಾವಾಗ, ಎಲ್ಲಿ ಕೊಡಿಸಬೇಕು?

ಬ್ರಿಟನ್ನಿಗೆ ಕಾಲಿಡುವ ಹೊತ್ತಿಗೆ ಮಾತ್ರೆ ಕೊಟ್ಟು 24 ಗಂಟೆಗೆ ಕಡಿಮೆಯಾಗಿರಬಾರದು, 120 ಗಂಟೆ ಮೀರಿರಬಾರದು. ಅಂದರೆ ಒಂದರಿಂದ ಐದು ದಿನ. ವೆಟ್ಟೇ ಕೊಟ್ಟು ಸರ್ಟಿಫಿಕೇಟಿನಲ್ಲಿ ಬರೆಯಬೇಕು, ಮನೆಯಿಂದ ಒಯ್ದ ಮಾತ್ರೆ ನೀವೇ ನುಂಗಿಸಿದರೆ ಆಗದು. ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇರಬೇಕು. ಐದು ದಿನದೊಳಗೆ ಹೋಗಿಬರುವ ಸಣ್ಣ ಪ್ರವಾಸವಾದರೆ ಹೊರಡುವ ಮುನ್ನ ನಿಮ್ಮ ವೆಟ್ ಹತ್ತಿರವೇ ಕೊಡಿಸಿ ಬರೆಸಿಕೊಳ್ಳಬಹುದು, 120 ಗಂಟೆಯೊಳಗೆ ಮರಳಿದರಾಯಿತು.

ಇದು ಮಾಮೂಲಿ ಜಂತುಹುಳುವಲ್ಲ. ಯುರೋಪಿನ ನರಿಗಳಲ್ಲಿ ಬದುಕುವ ಒಂದು ಜಾತಿಯ ಲಾಡಿಹುಳು. ಸೋಂಕಿರುವ ಹೊಲದ ಇಲಿಯನ್ನು ತಿಂದ ನಾಯಿಗೆ ಬರುತ್ತದೆ. ನಾಯಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಆದರೆ ಅದರ ಮಲದಲ್ಲಿ ಬಿದ್ದ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಲಿವರಿನಲ್ಲಿ ಗಡ್ಡೆಯಂತೆ ವರ್ಷಗಟ್ಟಲೆ ಬೆಳೆಯುತ್ತದೆ, ಚಿಕಿತ್ಸೆ ಬಹಳ ಕಷ್ಟ. ಬ್ರಿಟನ್ನಿಗೆ ಅದು ಕಾಲಿಟ್ಟಿಲ್ಲ.

2024ರಲ್ಲಿ ನಮಗೆ ಆದದ್ದನ್ನು ಹೇಳುತ್ತೇನೆ. ನಾರ್ಮಂಡಿಯ ಒಂದು ಸಣ್ಣ ಊರಿನಲ್ಲಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆಲ್ಲನಿಗೆ ಮಾತ್ರೆ ಕೊಡಿಸಿದೆವು. ವೆಟ್ ಒಳ್ಳೆಯವರು, ಅವನ ಕಿವಿ ಕೂಡ ನೋಡಿದರು. ಭಾನುವಾರ ರಾತ್ರಿ ಬಂದರಿನ ಕೌಂಟರಿನಲ್ಲಿದ್ದ ಹೆಂಗಸು ಹಾಳೆ ತಿರುವಿ, ಪೆನ್ನಿನ ತುದಿಯಿಂದ ಒಂದು ಖಾಲಿ ಜಾಗ ತೋರಿಸಿದಳು. ತಾರೀಖು ಇತ್ತು, ಸೀಲು ಇತ್ತು, ಗಂಟೆ ಬರೆದಿರಲಿಲ್ಲ. ಗಂಟೆ ಇಲ್ಲದೆ 24 ಮತ್ತು 120ರ ಲೆಕ್ಕ ಹಾಕುವುದು ಹೇಗೆ? ಕ್ಲಿನಿಕ್ಕಿನ ಬಿಲ್ಲು ತೋರಿಸಿದೆವು, ಒಪ್ಪಲಿಲ್ಲ. ಅವಳ ತಪ್ಪಲ್ಲ, ಅವಳ ಕೆಲಸವೇ ಅದು. ಆ ರಾತ್ರಿ ಹಡಗು ನಮ್ಮನ್ನು ಬಿಟ್ಟು ಹೋಯಿತು. ದುಬಾರಿ ಹೋಟೆಲಿನಲ್ಲಿ ಮಲಗಿ, ಸೋಮವಾರ ಅರವತ್ತು ಕಿಲೋಮೀಟರ್ ವಾಪಸ್ ಓಡಿಸಿ, "11:00" ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡು ಬಂದು ರಾತ್ರಿಯ ಹಡಗು ಹತ್ತಿದೆವು. ಮಂಗಳವಾರ ಬೆಳಿಗ್ಗೆ ಇಳಿದಾಗ 96 ಗಂಟೆಯೂ ಆಗಿರಲಿಲ್ಲ. ಶುಕ್ರವಾರಕ್ಕೆ ಬದಲು ಬುಧವಾರ ಕೊಡಿಸಿದ್ದರೆ ಅವಧಿ ಮುಗಿದು ಮತ್ತೆ ಮಾತ್ರೆ, ಮತ್ತೆ 24 ಗಂಟೆ ಕಾಯಬೇಕಿತ್ತು.

ಈಗ ಕ್ಲಿನಿಕ್‌ನಿಂದ ಏಳುವ ಮೊದಲು ಮಗಳು ಹಾಳೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾಳೆ: ಔಷಧದ ಹೆಸರು, ತಾರೀಖು, ಗಂಟೆ, ಸಹಿ, ಸೀಲು. ವೆಟ್ ಅಪಾಯಿಂಟ್‌ಮೆಂಟನ್ನು ಇಲ್ಲಿಂದ ಹೊರಡುವ ಮುನ್ನವೇ ಮಾಡಿಸಿ, ಹಡಗಿಗೆ ಎರಡು ಮೂರು ದಿನ ಮೊದಲಿನದಾಗಿರಲಿ.

ಬಂದರಿನಲ್ಲಿ ಏನು ಪರೀಕ್ಷೆ ಮಾಡುತ್ತಾರೆ?

ಇಳಿದ ಕಡೆ ಸರ್ಟಿಫಿಕೇಟ್ ಕೇಳಬಹುದು, ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಿಜವಾದ ಪರೀಕ್ಷೆ ವಾಪಸ್ ಬರುವಾಗ. ಕೌಂಟರಿನವರು ಕಿಟಕಿಯಿಂದ ಸ್ಕ್ಯಾನರನ್ನು ನಿಮ್ಮ ಕೈಗೇ ಕೊಡುತ್ತಾರೆ. ನೀವೇ ನಾಯಿಯ ಕುತ್ತಿಗೆಯ ಮೇಲೆ ಆಡಿಸಬೇಕು, ಬೀಪ್ ಎಂದ ಮೇಲೆ ನಂಬರ್ ತೋರಿಸಬೇಕು. ಕ್ಯಾಲೇಯಲ್ಲಿ ನಾನು ಎಷ್ಟು ಆಡಿಸಿದರೂ ಬೀಪ್ ಬರಲಿಲ್ಲ, ಹಿಂದಿನ ಕಾರಿನವರು ಕಾಯುತ್ತಿದ್ದರು, ಕೈ ಬೆವರಿತು. ಕೊನೆಗೆ ಎಡ ಭುಜದ ಕೆಳಗೆ ಸಿಕ್ಕಿತು. ಚಿಪ್ಪು ವರ್ಷಗಳಲ್ಲಿ ಚರ್ಮದಡಿ ಸರಿಯುತ್ತದೆ. ಸರ್ಟಿಫಿಕೇಟ್ ಬರೆಸುವ ದಿನ ಅದು ಎಲ್ಲಿದೆ ಎಂದು ವೆಟ್ ಹತ್ತಿರ ತೋರಿಸಿಕೊಳ್ಳಿ. ನಾಯಿ ಇದ್ದರೆ ಬೇರೆಯವರಿಗಿಂತ ಅರ್ಧ ಗಂಟೆ ಮೊದಲೇ ಬಂದರು ಸೇರಿ.

ಕಾಗದ ಸರಿಯಿಲ್ಲದಿದ್ದರೆ ಹಡಗಿಗೆ ಹತ್ತಿಸುವುದಿಲ್ಲ. ಹೇಗೋ ದಾಟಿ ಬಂದು ಸಿಕ್ಕಿಬಿದ್ದರೆ ನಾಲ್ಕು ತಿಂಗಳವರೆಗೂ ಕ್ವಾರಂಟೀನ್ ಮಾಡಬಹುದು, ಖರ್ಚು ನಿಮ್ಮದೇ.

ಯಾವ ನಾಯಿಗಳನ್ನು ಕರೆದೊಯ್ಯಬಾರದು?

ಕಾನೂನಿನ ಪ್ರಕಾರ, ಪಿಟ್‌ಬುಲ್ ಮಾದರಿಯ ನಾಯಿಗಳನ್ನು ಫ್ರಾನ್ಸಿನೊಳಗೆ ಬಿಡುವುದಿಲ್ಲ. ರಾಟ್‌ವೈಲರ್‌ಗೆ ಅಲ್ಲಿ ಬೀದಿಯಲ್ಲಿ ಕುಕ್ಕೆ ಮತ್ತು ಬೆಲ್ಟ್ ಕಡ್ಡಾಯ. ಒಂದೊಂದು ದೇಶದ ಪಟ್ಟಿ ಒಂದೊಂದು ಥರ, ಹಾಯ್ದುಹೋಗುವ ದೇಶದ್ದನ್ನೂ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಊರ ಕಡೆ ವೊಡಾಫೋನ್ ನಾಯಿ ಎಂದೇ ಹೆಸರಾದ ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವನ್ನು ಜುಲೈ, ಆಗಸ್ಟ್‌ನಲ್ಲಿ ಕಾರ್ ಡೆಕ್ಕಿನಲ್ಲಿ ಬಿಡಬೇಡಿ, ಸೆಕೆ ಅವಕ್ಕೆ ತಡೆಯುವುದಿಲ್ಲ. ಹೃದಯದ ಕಾಯಿಲೆ ಇರುವ, ಗಬ್ಬದ, ತೀರಾ ಮುದಿಯಾದ ನಾಯಿಗೆ ಪ್ರವಾಸ ಬೇಡ. ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆದು ರಕ್ತ ಬರಿಸಿಕೊಳ್ಳುವ ನಾಯಿಯನ್ನು ನಂಬಿಕೆಯ ಮನೆಯಲ್ಲಿ ಬಿಟ್ಟು ಹೋಗುವುದೇ ಅದಕ್ಕೆ ಮಾಡುವ ಉಪಕಾರ.

ಅಲ್ಲಿ ಸಮುದ್ರ ತೀರದಲ್ಲಿ ನಾಯಿ ಬಿಡಬಹುದೇ?

ಫ್ರಾನ್ಸಿನ, ಸ್ಪೇನಿನ ಎಷ್ಟೋ ಬೀಚ್‌ಗಳಲ್ಲಿ ಬೇಸಿಗೆಯಲ್ಲಿ ನಾಯಿಗೆ ಪ್ರವೇಶವಿಲ್ಲ. ಬಾಡಿಗೆ ಮನೆ ಗೊತ್ತು ಮಾಡುವ ಮೊದಲು ಆ ಊರಿನ ನಿಯಮ ಕೇಳಿ.

ಬೆಂಗಳೂರಿನಿಂದ ತಂದ ನಾಯಿಗೂ ಇದೇ ನಿಯಮವೇ?

ಬ್ರಿಟನ್ನಿಗೆ ಬಂದು ಸೇರಿದ ಮೇಲೆ ಹೌದು. ಭಾರತದಿಂದ ಬ್ರಿಟನ್ನಿಗೆ ತರುವುದು ಮಾತ್ರ ಬೇರೆ ದಾರಿ. ರೇಬಿಸ್ ಲಸಿಕೆಯಾಗಿ 30 ದಿನವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು, ರೋಗ ತಡೆಯುವ ಪ್ರತಿಕಾಯ ರಕ್ತದಲ್ಲಿ ಕನಿಷ್ಠ 0.5 IU/ml ಇರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು, ಆಮೇಲೆ ವಿಮಾನದ ಕಾರ್ಗೊದಲ್ಲಿ ಬರಬೇಕು. ಹಾಗಾಗಿ ಇಲ್ಲಿಂದ ನಾಯಿಯನ್ನು ಮೂರು ವಾರದ ರಜೆಗೆಂದು ಊರಿಗೆ ಕರೆದೊಯ್ಯುವ ಯೋಚನೆ ಮಾಡಬೇಡಿ.

ಐರ್ಲೆಂಡಿಗೆ ಹೋಗುವುದಾದರೆ?

ಹಾಲಿಹೆಡ್‌ನಿಂದ ಡಬ್ಲಿನ್‌ಗೆ ಮೂರು ಗಂಟೆ ಚಿಲ್ಲರೆ. ಸರ್ಟಿಫಿಕೇಟ್ ಬೇಕೇ ಬೇಕು. ಲಾಡಿಹುಳುವಿನ ಲೆಕ್ಕ ಇಲ್ಲಿ ತಿರುಗುಮುರುಗು: ಐರ್ಲೆಂಡಿಗೆ ಹೋಗುವ ಮೊದಲು ಮಾತ್ರೆ ಕೊಡಿಸಬೇಕು, ಅಲ್ಲಿಂದ ನೇರ ವಾಪಸ್ ಬರುವಾಗ ಬೇಡ. ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ.

ಯುರೋಪಿನಲ್ಲಿ ನಾಯಿಗೆ ತಗಲುವ ಕಾಯಿಲೆಗಳು ಯಾವುವು? ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು?

ಸ್ಪೇನ್, ಇಟಲಿ, ದಕ್ಷಿಣ ಫ್ರಾನ್ಸಿನಲ್ಲಿ ಮರಳು ನೊಣ ಕಚ್ಚಿ ಲೀಷ್ಮನಿಯಾಸಿಸ್ ಬರುತ್ತದೆ. ಆ ನೊಣ ಹಾರುವುದು ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ, ಹಾಗಾಗಿ ರಾತ್ರಿ ನಾಯಿ ಮನೆಯೊಳಗೆ ಮಲಗಲಿ. ನೊಣ ಓಡಿಸುವ ಡೆಲ್ಟಾಮೆಥ್ರಿನ್ ಪಟ್ಟಿಯನ್ನು ಹೊರಡುವ ಮೊದಲೇ ಕೊರಳಿಗೆ ಕಟ್ಟಿ. ಸೊಳ್ಳೆಯಿಂದ ಹೃದಯಕ್ಕೆ ಸೇರುವ ಹುಳು, ಉಣ್ಣೆಯಿಂದ ಬರುವ ಬೇಬಿಸಿಯಾ ಜ್ವರ ಎರಡಕ್ಕೂ ಮುನ್ನೆಚ್ಚರಿಕೆ ಔಷಧಿ ವೆಟ್ ಕೊಡುತ್ತಾರೆ. ಚಳಿಗಾಲದ ಕೊನೆಗೆ ಹೋಗುವವರು ಪೈನ್ ಮರದಡಿ ಸಾಲುಗಟ್ಟಿ ಹರಿಯುವ ಕಂಬಳಿಹುಳುಗಳನ್ನು ನಾಯಿ ಮೂಸದಂತೆ ನೋಡಿಕೊಳ್ಳಿ, ಅದರ ರೋಮ ತಾಗಿದರೆ ನಾಲಿಗೆ ಊದಿ ಕೊಳೆಯುತ್ತದೆ.

ದಿನಾ ಸಂಜೆ ಮೈ ಸವರಿ ಉಣ್ಣೆ ಹುಡುಕಿ: ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ. ಮನೆಗೆ ಬಂದ ಮೇಲೂ ಎರಡು ವಾರ ಇದನ್ನು ಬಿಡಬೇಡಿ. ಬೇಬಿಸಿಯಾದಲ್ಲಿ ಒಸಡು ಬಿಳಿಚಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅದು ಕಂಡರೆ ಅದೇ ಗಳಿಗೆ ವೆಟ್ ಹತ್ತಿರ ಓಡಿ. ಲೀಷ್ಮನಿಯಾಸಿಸ್ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ತಲೆ ಎತ್ತುತ್ತದೆ: ಕಣ್ಣಿನ ಸುತ್ತ ಕೂದಲು ಉದುರುವುದು, ಮಾಯದ ಹುಣ್ಣು, ತೂಕ ಇಳಿಯುವುದು. ಯಾವಾಗ ವೆಟ್ ಹತ್ತಿರ ಹೋದರೂ ನಾಯಿ ಯಾವ ವರ್ಷ ಯಾವ ದೇಶಕ್ಕೆ ಹೋಗಿತ್ತು ಎಂದು ನೀವಾಗಿಯೇ ಹೇಳಿ. ಬೆಲ್ಲನ ಫೈಲಿನ ಮೊದಲ ಹಾಳೆಯಲ್ಲಿ ನಾವು ಮೂರೂ ಪ್ರಯಾಣದ ತಾರೀಖು, ಊರುಗಳ ಹೆಸರು ಬರೆದಿಟ್ಟಿದ್ದೇವೆ.